ಕಿರ್ಕೆಗಾರ್ಡ್ ಓದು: ಮೂರು ಅನುವಾದ, ಮೂರು ಪುಟಸಂಖ್ಯೆ. ವಿದ್ವಾಂಸರು ಯಾವುದನ್ನು ಹಿಡಿಯುತ್ತಾರೆ?

ಕ್ಯಾತಸಂದ್ರ ಓದುಬಳಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಆರು ಜನ ಸೇರಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಡೆನ್ಮಾರ್ಕಿನ ಸೋರೆನ್ ಕಿರ್ಕೆಗಾರ್ಡ್‌ನ ‘ಭಯ ಮತ್ತು ನಡುಕ’ ಓದುತ್ತಿದ್ದೇವೆ. ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಗೆಂದು ಬೆಟ್ಟಕ್ಕೆ ಕರೆದೊಯ್ದ ಕಥೆಯ ಮೇಲೆ ಬರೆದ ಪುಸ್ತಕ. ಗುಂಪಿನಲ್ಲಿ ತತ್ವಶಾಸ್ತ್ರ ಓದಿದವರು ಇಬ್ಬರು, ಕನ್ನಡ ಎಂ.ಎ. ಮೂವರು, ಒಬ್ಬರು ನಿವೃತ್ತ ಗ್ರಂಥಪಾಲಕರು. ಕೈಯಲ್ಲಿರುವುದು ಮೂರು ಇಂಗ್ಲಿಷ್ ಅನುವಾದ: ವಾಲ್ಟರ್ ಲೋರಿಯದು, ಹಾಂಗ್ ದಂಪತಿಯದು, ಅಲಸ್ಟೇರ್ ಹ್ಯಾನೇಯದು.

ತೊಡಕು ಇದು. ಒಬ್ಬರು ಹೇಳಿದ ಪುಟ ಇನ್ನೊಬ್ಬರ ಪುಸ್ತಕದಲ್ಲಿ ಸಿಗುವುದಿಲ್ಲ. ಅಧ್ಯಾಯದ ಹೆಸರೇ ಬೇರೆ ಬೇರೆ ಇದೆ. ಲೇಖನಗಳಲ್ಲಿ ‘ಎಸ್‌ಕೆಎಸ್ 4’ ಎಂದೋ ‘ಜೆಜೆ 167’ ಎಂದೋ ಬರುತ್ತದೆ, ಅದೇನೆಂದು ತಿಳಿಯುವುದಿಲ್ಲ. ಕಿರ್ಕೆಗಾರ್ಡ್ ಅಧ್ಯಯನ ಮಾಡುವ ವಿದ್ವಾಂಸರು ಪಠ್ಯವನ್ನು ಹೇಗೆ ಹಿಡಿಯುತ್ತಾರೆ, ಹೇಗೆ ಉಲ್ಲೇಖಿಸುತ್ತಾರೆ? ಡೇನಿಷ್ ಬಾರದೆ ಮುಂದೆ ಹೋಗಬಹುದೇ? ಕೊನೆಗೆ, ಜಂಗಮನಿಗಾಗಿ ಮಗನನ್ನೇ ಅಡುಗೆ ಮಾಡಿ ಬಡಿಸಿದ ಶಿವಭಕ್ತ ಸಿರಿಯಾಳನ ಕಥೆಯ ಜೊತೆ ಹೋಲಿಸಿ ಕನ್ನಡದಲ್ಲಿ ಒಂದು ಲೇಖನ ಬರೆಯುವ ಆಸೆ ಇದೆ. ಎಡವದಂತೆ ದಾರಿ ಹೇಳಿ.

ಮೂಡಲಬಾಗಿಲು (ಕೋಲಾರ ಜಿಲ್ಲೆ)

ಮೊದಲು ಪುಟದ ಗೊಂದಲ ಬಿಡಿಸೋಣ. ಲೋರಿಯ ಅನುವಾದ 1941ರದು, ಹಾಂಗ್ ದಂಪತಿಯದು 1983, ಹ್ಯಾನೇಯದು 1985. ಇವುಗಳ ಪುಟಗಳನ್ನು ಒಂದಕ್ಕೊಂದು ಹೊಂದಿಸಲು ಹೋಗಬೇಡಿ, ಆಗದ ಕೆಲಸ. ಎಲ್ಲಕ್ಕೂ ಆಧಾರವಾಗಿ ಮೂಲದ ಒಂದು ಡೇನಿಷ್ ಪುಟಸಂಖ್ಯೆ ಇದೆ. ವಿದ್ವಾಂಸರು ಒಬ್ಬರಿಗೊಬ್ಬರು ಮಾತಾಡುವುದು ಆ ಸಂಖ್ಯೆಯಲ್ಲಿ.

‘ಎಸ್‌ಕೆಎಸ್’ ಎಂದರೆ ‘ಸೋರೆನ್ ಕಿರ್ಕೆಗಾರ್ಡ್ಸ್ ಸ್ಕ್ರಿಫ್ಟರ್’, ಅಂದರೆ ಕಿರ್ಕೆಗಾರ್ಡ್‌ನ ಬರಹಗಳು. ಕೋಪನ್‌ಹೇಗನ್ನಿನಲ್ಲಿ 1994ರಲ್ಲಿ ಶುರುವಾದ ಕಿರ್ಕೆಗಾರ್ಡ್ ಸಂಶೋಧನಾ ಕೇಂದ್ರ ಈ ಆವೃತ್ತಿಯನ್ನು ಸಂಪಾದಿಸಿತು. 1997ರಲ್ಲಿ ಮೊದಲ ಸಂಪುಟ ಬಂತು, ಅವನು ಹುಟ್ಟಿ 200 ವರ್ಷ ತುಂಬಿದ 2013ರ ಹೊತ್ತಿಗೆ 55 ಸಂಪುಟ ಮುಗಿದವು: 28 ಮೂಲಪಾಠಕ್ಕೆ, 27 ಟಿಪ್ಪಣಿಗೆ. ಮೂಲಪಾಠಕ್ಕೆ ಹೆಚ್ಚುಕಡಿಮೆ ಸಮಸಮ ಟಿಪ್ಪಣಿ ಎಂದರೆ ಆ ಕೆಲಸದ ಗಾತ್ರ ಊಹಿಸಿ. ಎಲ್ಲವೂ ಎಸ್‌ಕೆಎಸ್ ಡಾಟ್ ಡಿಕೆ ಎಂಬ ಜಾಲತಾಣದಲ್ಲಿ ಉಚಿತವಾಗಿದೆ. ‘ಭಯ ಮತ್ತು ನಡುಕ’ ಇರುವುದು 4ನೇ ಸಂಪುಟದಲ್ಲಿ. ಅದೇ ಸಂಪುಟದಲ್ಲಿ ‘ಪುನರಾವರ್ತನೆ’, ‘ತತ್ವದ ತುಣುಕುಗಳು’, ‘ಕಳವಳದ ಪರಿಕಲ್ಪನೆ’, ‘ಮುನ್ನುಡಿಗಳು’ ಕೂಡ ಇವೆ.

ಉಲ್ಲೇಖಿಸುವ ರೀತಿ: ‘ಎಸ್‌ಕೆಎಸ್ 4, 148 / ಎಫ್‌ಟಿ 54’. ಮೊದಲಿನದು ಡೇನಿಷ್ ಸಂಪುಟ ಮತ್ತು ಪುಟ, ಎರಡನೆಯದು ಹಾಂಗ್ ಅನುವಾದದ ಪುಟ (ಎಫ್‌ಟಿ ಎಂದರೆ ಪುಸ್ತಕದ ಇಂಗ್ಲಿಷ್ ಹೆಸರು ‘ಫಿಯರ್ ಅಂಡ್ ಟ್ರೆಂಬ್ಲಿಂಗ್’). ನೈತಿಕವಾದದ್ದು ಸಾರ್ವತ್ರಿಕವಾದದ್ದು ಎಂದು ‘ಮೊದಲನೇ ಸಮಸ್ಯೆ’ ಎಂಬ ಭಾಗ ಶುರುವಾಗುವ ಜಾಗ ಇದು. ನಿಮ್ಮ ಹಾಂಗ್ ಪ್ರತಿಯ ಅಂಚಿನಲ್ಲಿ ಇನ್ನೊಂದು ಸಂಖ್ಯೆ ಕಾಣುತ್ತದೆ, ರೋಮನ್ ಅಂಕಿಯ ಜೊತೆ. ಅದು 1901ರಿಂದ 1906ರವರೆಗೆ 14 ಸಂಪುಟಗಳಲ್ಲಿ ಬಂದ ಮೊದಲ ಡೇನಿಷ್ ಸಮಗ್ರ ಕೃತಿಗಳ ಪುಟ. ಹಳೆಯ ಲೇಖನಗಳು ಅದನ್ನೇ ಹಿಡಿದಿವೆ. ಆದ್ದರಿಂದ ಹಾಂಗ್ ಪ್ರತಿಯನ್ನು ಮೇಜಿನ ನಡುವೆ ಇಡಿ, ಅದೇ ನಿಮ್ಮ ಕೀಲಿ. ಉಳಿದವರು ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಎಸ್‌ಕೆಎಸ್ ಪುಟ ಬರೆದುಕೊಳ್ಳಲಿ. ಒಂದು ಭಾನುವಾರದ ಕೆಲಸ, ಮುಂದೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಇನ್ನು ‘ಜೆಜೆ 167’. ದಿನಚರಿಗಳ ವಿಷಯದಲ್ಲೇ ಜನ ಹೆಚ್ಚು ಎಡವುವುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಿರ್ಕೆಗಾರ್ಡ್ 1855ರಲ್ಲಿ ತೀರಿಕೊಂಡಾಗ ರಾಶಿಗಟ್ಟಲೆ ನೋಟುಪುಸ್ತಕ ಬಿಟ್ಟುಹೋದ. ಕೆಲವಕ್ಕೆ ಅವನೇ ಎಎ, ಬಿಬಿ ಎಂದು ಜೋಡಿ ಅಕ್ಷರದ ಹೆಸರಿಟ್ಟಿದ್ದ, ಕೆಕೆವರೆಗೆ. ಜೆಜೆ ಅವುಗಳಲ್ಲಿ ಒಂದು, 167 ಅದರೊಳಗಿನ ಟಿಪ್ಪಣಿಯ ಸಂಖ್ಯೆ. ಆಮೇಲೆ ಎನ್‌ಬಿ ಎಂಬ ಸಾಲು, ಒಟ್ಟು 36. ಇದಲ್ಲದೆ 15 ನೋಟುಪುಸ್ತಕ, ಬಿಡಿ ಹಾಳೆಗಳು ಬೇರೆ. ಮೊದಲು ಸಂಪಾದಿಸಿದ ಬಾರ್ಫೋಡ್ 1869ರಿಂದ ಪ್ರಕಟಿಸತೊಡಗಿದ. ಅವನು ಮೂಲ ಹಾಳೆಗಳನ್ನೇ ಕತ್ತರಿಸಿ, ತಿದ್ದಿ ಮುದ್ರಣಾಲಯಕ್ಕೆ ಕೊಟ್ಟದ್ದರಿಂದ ಹಲವು ಕಳೆದೇಹೋದವು. ಅಲ್ಲಿಗೆ ಅವನ ಮುದ್ರಿತ ಪಾಠವೇ ನಮಗೆ ಉಳಿದ ಸಾಕ್ಷಿ. ಆಮೇಲೆ ಬಂದ ‘ಪಾಪಿರರ್’ ಆವೃತ್ತಿ (1909ರಿಂದ 1948) ಎಲ್ಲವನ್ನೂ ವಿಷಯವಾರು ಮೂರು ಗುಂಪಿಗೆ ಹಾಕಿತು: ಎ ಎಂದರೆ ದಿನಚರಿಯಂಥವು, ಬಿ ಎಂದರೆ ಕೃತಿಗಳ ಕರಡು, ಸಿ ಎಂದರೆ ಓದಿನ ಟಿಪ್ಪಣಿ. ಹುಡುಕುವವರಿಗೆ ಅನುಕೂಲವೇ. ಆದರೆ ಒಂದೇ ನೋಟುಪುಸ್ತಕದ ಅಕ್ಕಪಕ್ಕದ ಬರಹಗಳು ಬೇರೆ ಬೇರೆ ಕಡೆ ಹೋಗಿ, ಅವನು ಯಾವ ಹೊತ್ತಿನಲ್ಲಿ ಯಾವುದರ ಪಕ್ಕದಲ್ಲಿ ಏನು ಬರೆದ ಎಂಬುದೇ ಕಾಣದಾಯಿತು. ಎಸ್‌ಕೆಎಸ್ ಮಾಡಿದ ದೊಡ್ಡ ಕೆಲಸ, ಪ್ರತಿ ನೋಟುಪುಸ್ತಕವನ್ನು ಅದು ಇದ್ದ ಹಾಗೆ ಮರಳಿ ಜೋಡಿಸಿದ್ದು. ಅವನು ಹಾಳೆಯನ್ನು ಉದ್ದಕ್ಕೆ ಮಡಚಿದಂತೆ ಎರಡು ಅಂಕಣ ಮಾಡಿಕೊಂಡು ಒಂದರಲ್ಲಿ ಬರೆದು, ಹೊರ ಅಂಕಣವನ್ನು ಮುಂದೆ ಸೇರಿಸಲು ಖಾಲಿ ಬಿಡುತ್ತಿದ್ದ. ಆ ಎರಡು ಅಂಕಣವನ್ನೂ ಮುದ್ರಣದಲ್ಲಿ ಉಳಿಸಿದ್ದಾರೆ.

ಹೀಗಾಗಿ ಒಂದೇ ಬರಹಕ್ಕೆ ನಾಲ್ಕು ವಿಳಾಸ. ಬದುಕನ್ನು ಹಿಂದಕ್ಕೆ ನೋಡಿ ಅರಿಯಬೇಕು, ಆದರೆ ಮುಂದಕ್ಕೇ ಬಾಳಬೇಕು ಎಂಬ ಅರ್ಥದ ಪ್ರಸಿದ್ಧ ಟಿಪ್ಪಣಿ ತೆಗೆದುಕೊಳ್ಳಿ. ಪಾಪಿರರ್‌ನಲ್ಲಿ ಅದು 4ನೇ ಸಂಪುಟ, ಎ 164. ಎಸ್‌ಕೆಎಸ್‌ನಲ್ಲಿ 18ನೇ ಸಂಪುಟ, 194ನೇ ಪುಟ, ಜೆಜೆ 167. ಹಾಂಗ್ ದಂಪತಿಯ ಏಳು ಸಂಪುಟದ ದಿನಚರಿ ಅನುವಾದದಲ್ಲಿ 1030ನೇ ಟಿಪ್ಪಣಿ. 2007ರಿಂದ 2020ರವರೆಗೆ ಪ್ರಿನ್ಸ್‌ಟನ್ ತಂದ 11 ಸಂಪುಟದ ಹೊಸ ಅನುವಾದದಲ್ಲಿ ಮತ್ತೆ ಜೆಜೆ 167, ಏಕೆಂದರೆ ಅದು ಎಸ್‌ಕೆಎಸ್ ಸಂಖ್ಯೆಯನ್ನೇ ಇಟ್ಟುಕೊಂಡಿದೆ. ನೀವು ಬರೆಯುವಾಗ ಜೆಜೆ 167 ಎಂದೇ ಬರೆಯಿರಿ.

ವಚನಗಳ ಗ್ರಂಥಸಂಪಾದನೆ ಬಲ್ಲವರು ನಿಮ್ಮಲ್ಲಿ ಇರುವುದರಿಂದ ಒಂದು ಮಾತು. ಅಲ್ಲಿ ಕವಿಯ ಕೈಬರಹ ಇಲ್ಲ, ಓಲೆಗರಿಯ ಪ್ರತಿಗಳ ನಡುವಿನ ಪಾಠಾಂತರ ತೂಗಬೇಕು. ಇಲ್ಲಿ ಲೇಖಕನ ಹಸ್ತಪ್ರತಿಗಳೇ ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯದಲ್ಲಿವೆ. 1997ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೂ ಸೇರಿದವು. ಹಾಗಾಗಿ ಜಗಳ ಪ್ರತಿಕಾರನ ತಪ್ಪಿನ ಬಗ್ಗೆ ಅಲ್ಲ. ಕರಡು, ಶುದ್ಧಪ್ರತಿ, ಅಚ್ಚು ಇವುಗಳ ನಡುವೆ ಲೇಖಕ ಏನು ಹೊಡೆದುಹಾಕಿದ, ಯಾಕೆ ಹೊಡೆದುಹಾಕಿದ ಎಂಬುದರ ಬಗ್ಗೆ.

ಹೆಸರುಗಳ ಒಂದು ಗುಂಡಿ ಇದೆ, ಬೀಳಬೇಡಿ. ಹೈಬರ್ಗ್ ಎಂಬುವರು ಮೂವರು. ಕಿರ್ಕೆಗಾರ್ಡ್ ಕಾಲದ ಕವಿ, ವಿಮರ್ಶಕ, ಜರ್ಮನ್ ತತ್ವಜ್ಞಾನಿ ಹೆಗೆಲ್‌ನನ್ನು ಹಿಡಿದ ಹೆಗೆಲ್‌ವಾದಿ ಯೊಹಾನ್ ಲುದ್ವಿಗ್ ಹೈಬರ್ಗ್. ಮೊದಲ ಸಮಗ್ರ ಕೃತಿಗಳ ಸಂಪಾದಕರಲ್ಲಿ ಒಬ್ಬನಾದ, ಆರ್ಕಿಮಿಡೀಸನ ಅಳಿಸಿ ಬರೆದ ಹಸ್ತಪ್ರತಿಯನ್ನು ಓದಿದ, ಅದೇ ಹೆಸರಿನ ಭಾಷಾವಿದ್ವಾಂಸ. ಮೂರನೆಯವನು ಪಾಪಿರರ್ ಸಂಪಾದಿಸಿದ ಪಿ. ಎ. ಹೈಬರ್ಗ್. ಸೂಚಿಯಲ್ಲಿ ಮೂವರನ್ನೂ ಒಂದೇ ಸಾಲಿಗೆ ಹಾಕಿದ ಲೇಖನಗಳಿವೆ.

ದೇವರಾಯನದುರ್ಗ (ತುಮಕೂರು)

ಪುಟದ ಸಂಗತಿ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಪುಟ ತಪ್ಪಾದರೆ ಯಾರಾದರೂ ತಿದ್ದಿಕೊಳ್ಳಬಹುದು. ಮಾತಾಡುವವನು ತಪ್ಪಾದರೆ ಲೇಖನವೇ ಕುಸಿಯುತ್ತದೆ. ‘ಭಯ ಮತ್ತು ನಡುಕದಲ್ಲಿ ಕಿರ್ಕೆಗಾರ್ಡ್ ಹೇಳುತ್ತಾನೆ’ ಎಂದು ಬರೆಯಬೇಡಿ. ಆ ಪುಸ್ತಕದ ಮುಖಪುಟದಲ್ಲಿ ಅವನ ಹೆಸರೇ ಇಲ್ಲ. ಹೇಳುವವನು ಯೊಹಾನೆಸ್ ಡಿ ಸಿಲೆನ್ಶಿಯೋ, ಮೌನದ ಯೊಹಾನೆಸ್. ಅಬ್ರಹಾಮನ ವಿಶ್ವಾಸ ತನಗೆ ಇಲ್ಲ, ಆ ಹೆಜ್ಜೆ ತನ್ನಿಂದ ಆಗದು ಎಂದು ಅವನು ಮತ್ತೆ ಮತ್ತೆ ಒಪ್ಪಿಕೊಳ್ಳುತ್ತಾನೆ. ವಿಶ್ವಾಸವಿಲ್ಲದವನು ಹೊರಗೆ ನಿಂತು ನೋಡಿ ಹೇಳುವ ಮಾತನ್ನು ಕಿರ್ಕೆಗಾರ್ಡ್‌ನ ವಿಶ್ವಾಸದ ಸಿದ್ಧಾಂತ ಎಂದು ಎತ್ತಿಡುವುದು, ಈ ಕ್ಷೇತ್ರದಲ್ಲಿ ಹೊಸಬರ ಲೇಖನ ವಾಪಸು ಬರಲು ಮೊದಲ ಕಾರಣ.

ಇದು ವಿದ್ವಾಂಸರ ಮಡಿವಂತಿಕೆ ಅಲ್ಲ, ಲೇಖಕನದೇ ಕೋರಿಕೆ. 1846ರ ‘ಅವೈಜ್ಞಾನಿಕ ಅನುಬಂಧ’ದ ತುದಿಯಲ್ಲಿ ‘ಮೊದಲ ಮತ್ತು ಕೊನೆಯ ವಿವರಣೆ’ ಎಂಬ ಕೆಲವು ಪುಟ ಸೇರಿಸಿ, ಗುಪ್ತನಾಮದ ಪುಸ್ತಕಗಳಲ್ಲಿ ನನ್ನದೆಂಬ ಒಂದು ಮಾತೂ ಇಲ್ಲ, ಉಲ್ಲೇಖಿಸುವವರು ಆಯಾ ಗುಪ್ತನಾಮದ ಲೇಖಕನ ಹೆಸರನ್ನೇ ಹೇಳಬೇಕು ಎಂದು ಬೇಡಿಕೊಂಡಿದ್ದಾನೆ. ಎಸ್‌ಕೆಎಸ್ 7ರಲ್ಲಿ 569ರಿಂದ 573. ಹಾಂಗ್ ಅನುವಾದದಲ್ಲಿ 625ರಿಂದ 630. ಗುಂಪಿನಲ್ಲಿ ಮೊದಲು ಈ ಐದಾರು ಪುಟ ಓದಿ, ಆಮೇಲೆ ಅಬ್ರಹಾಮನ ಹತ್ತಿರ ಹೋಗಿ.

ಯಾರು ಯಾವುದನ್ನು ಬರೆದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಇದು ಇಲ್ಲವೇ ಅದು’ (1843) ಸಂಪಾದಿಸಿದವನು ವಿಕ್ಟರ್ ಎರೆಮಿಟ; ಅದರೊಳಗೆ ಎ ಎಂಬ ಸೌಂದರ್ಯಜೀವಿ, ಅವನಿಗೆ ಪತ್ರ ಬರೆಯುವ ನ್ಯಾಯಾಧೀಶ ವಿಲಿಯಂ. ‘ಪುನರಾವರ್ತನೆ’ ಕಾನ್‌ಸ್ಟಾಂಟಿನ್ ಕಾನ್‌ಸ್ಟಾಂಟಿಯಸನದು. ‘ಕಳವಳದ ಪರಿಕಲ್ಪನೆ’ (1844) ವಿಗಿಲಿಯಸ್ ಹಾಫ್ನಿಯೆನ್ಸಿಸನದು, ಅಂದರೆ ಕೋಪನ್‌ಹೇಗನ್ನಿನ ಕಾವಲುಗಾರ. ‘ತತ್ವದ ತುಣುಕುಗಳು’ ಮತ್ತು ‘ಅನುಬಂಧ’ ಯೊಹಾನೆಸ್ ಕ್ಲಿಮಾಕಸನವು, ಅವುಗಳ ಮುಖಪುಟದಲ್ಲಿ ಪ್ರಕಾಶಕನೆಂದು ಕಿರ್ಕೆಗಾರ್ಡ್ ಹೆಸರಿದೆ. ‘ಮರಣಕ್ಕೆ ಒಯ್ಯುವ ರೋಗ’ (1849) ಆಂಟಿ-ಕ್ಲಿಮಾಕಸನದು. ಇಲ್ಲಿ ‘ಆಂಟಿ’ ಎಂದರೆ ವಿರೋಧಿ ಎಂದು ತಿಳಿಯಬೇಡಿ, ಕ್ಲಿಮಾಕಸನಿಗಿಂತ ಮೇಲಿನ ನೆಲೆಯವನು ಎಂದರ್ಥ. ಕಿರ್ಕೆಗಾರ್ಡ್ ತನ್ನನ್ನು ಕ್ಲಿಮಾಕಸನಿಗಿಂತ ಮೇಲೆ, ಆಂಟಿ-ಕ್ಲಿಮಾಕಸನಿಗಿಂತ ಕೆಳಗೆ ಇಟ್ಟುಕೊಳ್ಳುತ್ತಾನೆ.

ಅವನು ಸ್ವಂತ ಹೆಸರಿನಲ್ಲಿ ಬರೆದ ಉಪದೇಶಗಳ ಸಾಲೇ ಬೇರೆ. 1843ರ ಅಕ್ಟೋಬರ್ 16ರಂದು ‘ಭಯ ಮತ್ತು ನಡುಕ’, ‘ಪುನರಾವರ್ತನೆ’ ಹಾಗೂ ಸ್ವಂತ ಹೆಸರಿನ ಮೂರು ಉಪದೇಶಗಳು ಒಂದೇ ದಿನ ಹೊರಬಂದವು. ಮೂರನ್ನೂ ಒಟ್ಟಿಗೆ ಓದಿದರೆ ಮಾತ್ರ ಆ ದಿನದ ಪೂರ್ತಿ ಮಾತು ಕೇಳಿಸುತ್ತದೆ. ಓದುಬಳಗಗಳು ಸಾಮಾನ್ಯವಾಗಿ ಉಪದೇಶವನ್ನು ಬಿಟ್ಟುಬಿಡುತ್ತವೆ. ದೊಡ್ಡ ನಷ್ಟ ಅದು.

ವಚನ ಓದುವವರಿಗೆ ಗುಪ್ತನಾಮವನ್ನು ಅಂಕಿತ ಎಂದುಕೊಳ್ಳುವ ಸೆಳೆತ ಸಹಜ. ಹಾಗಲ್ಲ. ಕೂಡಲಸಂಗಮದೇವ ಎಂಬ ಅಂಕಿತ ಇಷ್ಟದೈವದ ಹೆಸರು. ಮಾತಾಡುವವರು ಬಸವಣ್ಣನವರೇ, ಅಂಕಿತ ನೋಡಿಯೇ ನಾವು ಅವರನ್ನು ಗುರುತಿಸುತ್ತೇವೆ. ಸಿಲೆನ್ಶಿಯೋ ಎಂಬುದು ಲೇಖಕನನ್ನು ಗುರುತಿಸುವ ಗುರುತಲ್ಲ, ತನ್ನದೇ ಮಿತಿಯಿರುವ ಇನ್ನೊಬ್ಬ ಮನುಷ್ಯ. ನಾಟಕದ ಪಾತ್ರಕ್ಕೆ ಹತ್ತಿರ.

ವಿದ್ವಾಂಸರಲ್ಲೂ ಇಲ್ಲಿ ಎರಡು ಪಕ್ಷ. ರೋಜರ್ ಪೂಲ್‌ನಂಥವರು 1993ರಲ್ಲಿ ಬೇರೆಯವರ ಬಾಯಲ್ಲಿ ಹೇಳಿಸುವ ಈ ಪರೋಕ್ಷ ಸಂವಹನವನ್ನೇ ಮುಖ್ಯ ಮಾಡಿ, ಸಿದ್ಧಾಂತ ಹೆಕ್ಕುವ ಓದನ್ನು ಮೊಂಡು ಓದು ಎಂದರು. ಸ್ಟೀಫನ್ ಇವಾನ್ಸ್ ಮೊದಲಾದವರು ಗುಪ್ತನಾಮಕ್ಕೆ ಮರ್ಯಾದೆ ಕೊಡುತ್ತಲೇ ಅದರೊಳಗಿನ ವಾದವನ್ನು ವಾದವಾಗಿ ತೂಗುತ್ತಾರೆ. ನನ್ನ ಮತ ಎರಡನೆಯ ಕಡೆಗೆ. ಯಾರು ಹೇಳಿದರೆಂದು ಗುರುತಿಸಿದ ಮೇಲೆ ಹೇಳಿದ್ದು ಸರಿಯೇ ಎಂದು ಕೇಳದೆ ಇರುವುದು ಓದುಗನ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ.

ಹೆಗೆಲ್ ಬಗ್ಗೆಯೂ ಎಚ್ಚರ. ಕಿರ್ಕೆಗಾರ್ಡ್ ಹೆಗೆಲ್‌ನ ಕಡುವೈರಿ ಎಂಬ ಚಿತ್ರ ಡೇನಿಷ್ ವಿದ್ವಾಂಸ ನೀಲ್ಸ್ ಥುಲ್‌ಸ್ಟ್ರುಪ್ ಕಾಲದ್ದು. ಜಾನ್ ಸ್ಟೀವರ್ಟ್ 2003ರಲ್ಲಿ ಅದನ್ನು ಮರುಪರಿಶೀಲಿಸಿ, ಬಹುಪಾಲು ಬಾಣಗಳು ಹೈಬರ್ಗ್ (ಮೇಲೆ ಹೇಳಿದ ಮೊದಲನೆಯವನು), ಮಾರ್ಟೆನ್ಸೆನ್, ಆಡ್ಲರ್ ಎಂಬ ಡೇನಿಷ್ ಹೆಗೆಲ್‌ವಾದಿಗಳ ಕಡೆಗೆ ಬಿಟ್ಟವು ಎಂದು ವಾದಿಸಿದರು. 1990ಕ್ಕಿಂತ ಹಿಂದಿನ ಪಠ್ಯಪುಸ್ತಕ ಒಂದನ್ನೇ ನಂಬಿ ಈ ಭಾಗ ಬರೆಯಬೇಡಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದರೆ ಬೆಂಗಳೂರಿನಲ್ಲಿ ಎರಡು ಕಡೆ ನೋಡಬಹುದು: ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಧರ್ಮಾರಾಮ್. ಎರಡೂ ದೇವತಾಶಾಸ್ತ್ರ ಮತ್ತು ತತ್ವಶಾಸ್ತ್ರ ಕಲಿಸುವ ಸಂಸ್ಥೆಗಳು. ಹೊರಗಿನವರಾದ್ದರಿಂದ ಮೊದಲೇ ಫೋನ್ ಮಾಡಿ, ಕಾಲೇಜಿನ ಪ್ರಾಂಶುಪಾಲರ ಪತ್ರ ಮತ್ತು ಗುರುತಿನ ಚೀಟಿ ಒಯ್ಯಿರಿ, ಬೇಕಾದ ಪುಸ್ತಕದ ಪಟ್ಟಿಯನ್ನು ಮುಂಚೆಯೇ ಕಳಿಸಿ. ನಿಮಗೆ ಗೊತ್ತಿರುವ ಅಧ್ಯಾಪಕರ ಕಾಲೇಜು ಡೆಲ್ನೆಟ್ ಎಂಬ ಗ್ರಂಥಾಲಯ ಜಾಲದ ಸದಸ್ಯತ್ವ ಪಡೆದಿದ್ದರೆ ಅಂತರ-ಗ್ರಂಥಾಲಯ ಎರವಲು ಕೇಳಬಹುದು. ಭಾರತದಲ್ಲಿ ಈ ವಿಷಯದ ಮೇಲೆ ಆಗಿರುವ ಪಿಎಚ್.ಡಿ. ಪ್ರಬಂಧಗಳನ್ನು ಶೋಧಗಂಗಾ ಜಾಲತಾಣದಲ್ಲಿ ಹುಡುಕಿ. ಹೆಸರನ್ನು ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ, ಒಂದರಲ್ಲಿ ಬಾರದ್ದು ಇನ್ನೊಂದರಲ್ಲಿ ಬರುತ್ತದೆ.

ಎರಡು ಸಾಲು ಪುಸ್ತಕ ತಪ್ಪದೆ ಕೇಳಿ. ರಾಬರ್ಟ್ ಪರ್ಕಿನ್ಸ್ ಸಂಪಾದಿಸಿದ ಅಂತರರಾಷ್ಟ್ರೀಯ ಕಿರ್ಕೆಗಾರ್ಡ್ ವ್ಯಾಖ್ಯಾನ ಮಾಲೆ, 24 ಸಂಪುಟ; ನಿಮ್ಮ ಪುಸ್ತಕಕ್ಕೆ ಬೇಕಾದದ್ದು 6ನೆಯದು, 1993ರದು. ಇನ್ನೊಂದು ಜಾನ್ ಸ್ಟೀವರ್ಟ್ ಸಂಪಾದಿಸಿದ 21 ಸಂಪುಟದ ಸಂಶೋಧನಾ ಮಾಲೆ. ಅದರಲ್ಲಿ 15ನೆಯದು ಪರಿಕಲ್ಪನೆಗಳ ಕೋಶ, 17ನೆಯದು ಗುಪ್ತನಾಮಗಳ ಮೇಲೆ. ಇಡೀ ಮಾಲೆ ಎಲ್ಲೂ ಒಟ್ಟಿಗೆ ಸಿಗಲಿಕ್ಕಿಲ್ಲ, ಬೇಕಾದ ಅಧ್ಯಾಯ ಮಾತ್ರ ಕೇಳಿ.

ವಿದ್ವಾಂಸರ ಬಳಗ ಸೇರುವ ಬಾಗಿಲು ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಓಲಾಫ್ ಕಾಲೇಜಿನ ಹಾಂಗ್ ಗ್ರಂಥಾಲಯ. ಹಾಂಗ್ ದಂಪತಿ ತಮ್ಮ ಸಂಗ್ರಹವನ್ನು 1976ರಲ್ಲಿ ಕೊಟ್ಟದ್ದರಿಂದ ಬೆಳೆದದ್ದು. ಅವರ ವಾರ್ತಾಪತ್ರ ಉಚಿತ, ಸಮಾವೇಶ ಮತ್ತು ಬೇಸಿಗೆಯ ಸಂಶೋಧನಾ ವಾಸದ ಪ್ರಕಟಣೆಗಳು ಅಲ್ಲಿಂದಲೇ ತಿಳಿಯುತ್ತವೆ. ಪತ್ರ ಬರೆಯುವುದಾದರೆ ನಾಲ್ಕೇ ಸಾಲು ಸಾಕು: ಯಾರು, ಯಾವ ಕೃತಿ, ಯಾವ ಭಾಗ, ಏನು ಬೇಕು.

ಕ್ಯಾತಸಂದ್ರ ಓದುಬಳಗ

ಮೂವರಿಗೂ ತುಂಬಾ ಧನ್ಯವಾದ. ಗುಪ್ತನಾಮದ ಪಟ್ಟಿ ಇವತ್ತೇ ಬರೆದಿಟ್ಟೆವು. ಸಿರಿಯಾಳನ ಹೋಲಿಕೆಯ ಬಗ್ಗೆ ಯಾರಾದರೂ ಹೇಳುತ್ತೀರಾ? ತಂದೆ, ಮಗ, ದೈವದ ಕೋರಿಕೆ, ಮಗ ಮರಳಿ ಸಿಗುವುದು ಎಲ್ಲವೂ ಹೊಂದುವಂತೆ ಕಾಣುತ್ತದೆ.

ಅಂತರಗಂಗೆ (ಕೋಲಾರ)

ಹೊಂದುವಂತೆ ಕಾಣುವುದೇ ಇಲ್ಲಿನ ಅಪಾಯ. ಹೋಲಿಕೆ ಮಾಡಿ, ಬಿಡಬೇಡಿ. ಆದರೆ ಕಥೆಯ ಹೊರಮೈ ಹಿಡಿಯದೆ ಸಿಲೆನ್ಶಿಯೋ ಕೇಳುವ ಮೂರು ಪ್ರಶ್ನೆಗಳನ್ನು ಹಿಡಿದು ಮಾಡಿ. ನೈತಿಕತೆಯನ್ನು ಒಂದು ಗುರಿಗಾಗಿ ಅಮಾನತಿನಲ್ಲಿ ಇಡಬಹುದೇ? ದೇವರ ಕಡೆಗೆ ನಿರಪೇಕ್ಷ ಕರ್ತವ್ಯ ಎಂಬುದೊಂದು ಇದೆಯೇ? ಹೆಂಡತಿ ಸಾರಾ, ಸೇವಕ ಎಲಿಯೇಜರ, ಮಗ ಇಸಾಕ ಮೂವರಿಗೂ ಅಬ್ರಹಾಮ ವಿಷಯ ಮುಚ್ಚಿಟ್ಟದ್ದು ಸರಿಯೇ?

ಮೂರನೆಯದರಿಂದಲೇ ಶುರು ಮಾಡಿ, ಅಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಅಬ್ರಹಾಮ ಯಾರಿಗೂ ಹೇಳುವುದಿಲ್ಲ, ಹೇಳಲಾರ. ಹೇಳಿದರೆ ಯಾರಿಗೂ ಅರ್ಥವಾಗದು. ಸಿರಿಯಾಳನ ಮನೆಯಲ್ಲಿ ಹೆಂಡತಿ ಚಂಗಳೆಗೆ ಎಲ್ಲವೂ ಗೊತ್ತು. ಮಗ ಚೀಲಾಳನನ್ನು ಒಪ್ಪಿಸುವುದರಲ್ಲಿ, ಅಡುಗೆಯಲ್ಲಿ ಅವಳ ಪಾಲು ಗಂಡನಷ್ಟೇ. ಅಂದರೆ ಅಲ್ಲಿ ಮೌನ ಇಲ್ಲ, ಒಬ್ಬನೇ ಹೊತ್ತ ಭಾರ ಇಲ್ಲ. ಇನ್ನು, ಬಂದ ಜಂಗಮ ಕೇಳಿದ್ದನ್ನು ಬಡಿಸುವುದು ಸಿರಿಯಾಳನ ವ್ರತ, ಅವನ ಸಮುದಾಯ ಒಪ್ಪಿ ಕೊಂಡಾಡುವ ವ್ರತ. ಸಿಲೆನ್ಶಿಯೋನ ಲೆಕ್ಕದಲ್ಲಿ ಅದು ಸಾರ್ವತ್ರಿಕದ ಒಳಗೇ ಬರುತ್ತದೆ. ಹಾಗಾದರೆ ಸಿರಿಯಾಳ ಅಬ್ರಹಾಮನ ಪಕ್ಕಕ್ಕಲ್ಲ, ಹರಕೆಗಾಗಿ ಮಗಳನ್ನು ಕೊಟ್ಟ ಯೆಫ್ತಾಹನ ಪಕ್ಕಕ್ಕೆ ಬರುತ್ತಾನೆ. ಸಿಲೆನ್ಶಿಯೋ ದುರಂತನಾಯಕರೆಂದು ಹೆಸರಿಸುವ ಮೂವರಲ್ಲಿ ಯೆಫ್ತಾಹ ಒಬ್ಬ; ಉಳಿದವರು ಗ್ರೀಕರ ದೊರೆ ಅಗಮೆಮ್ನಾನ್ ಮತ್ತು ಕಾನೂನಿಗಾಗಿ ಸ್ವಂತ ಮಕ್ಕಳಿಗೇ ಮರಣದಂಡನೆ ಕೊಟ್ಟ ರೋಮಿನ ಬ್ರೂಟಸ್.

ಅದೇ ಸಾಲಿನಲ್ಲಿ ನಮ್ಮವರನ್ನು ಇಟ್ಟು ನೋಡಿ. ಊರಿನ ನೀರಿಗಾಗಿ ಸೊಸೆ ಭಾಗೀರಥಿಯನ್ನು ಕೊಟ್ಟ ‘ಕೆರೆಗೆ ಹಾರ’ದ ಮಾವ, ಹಡಗುಗಳಿಗೆ ಗಾಳಿ ಬೀಸಲೆಂದು ಮಗಳನ್ನು ಕೊಟ್ಟ ಅಗಮೆಮ್ನಾನನ ಜೋಡಿ. ಕೆರೆಗಳನ್ನೇ ನಂಬಿದ ನಮ್ಮ ಕೋಲಾರದ ಕಡೆಯ ಓದುಗರಿಗೆ ‘ಸಾರ್ವತ್ರಿಕ’ ಎಂಬ ಒಣ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸತ್ಯಕ್ಕಾಗಿ ಚಂದ್ರಮತಿಯ ಮೇಲೆ ಕತ್ತಿ ಎತ್ತಿದ ಹರಿಶ್ಚಂದ್ರ ಬ್ರೂಟಸನ ಕಡೆಗೆ. ಇವರೆಲ್ಲರ ಜೊತೆ ನಾವು ಅಳಬಲ್ಲೆವು. ಅಬ್ರಹಾಮನ ಜೊತೆ ಅಳಲೂ ಆಗುವುದಿಲ್ಲ ಎಂಬುದೇ ಸಿಲೆನ್ಶಿಯೋನ ವಾದದ ತಿರುಳು.

ಆದರೂ ಸಿರಿಯಾಳನನ್ನು ಅಷ್ಟಕ್ಕೇ ಬಿಡಬೇಡಿ. ಬಡಿಸಿದ ಮೇಲೆ ಜಂಗಮ, ಮಗನನ್ನು ಕರೆ, ಅವನಿಲ್ಲದೆ ಉಣ್ಣೆ ಎನ್ನುತ್ತಾನಲ್ಲ, ಆ ಗಳಿಗೆ ನೋಡಿ. ಕರೆಯುವಾಗ ಸಿರಿಯಾಳನಿಗೆ ಮಗ ಬಂದಾನೆಂಬ ವಿಶ್ವಾಸ ಇತ್ತೇ, ಅಥವಾ ಆಜ್ಞೆಗಾಗಿ ಮಾತ್ರ ಕರೆದನೇ? ಸಿಲೆನ್ಶಿಯೋ ಹೇಳುವಂತೆ ಅಬ್ರಹಾಮನಿಗೆ ಮಗ ಇದೇ ಬದುಕಿನಲ್ಲಿ ಮರಳಿ ಸಿಗುತ್ತಾನೆಂಬ ವಿಶ್ವಾಸ ಇತ್ತು. ಅದು ಇಲ್ಲದಿದ್ದರೆ ಅವನು ಎಲ್ಲವನ್ನೂ ತ್ಯಜಿಸಿದ ಧೀರ ಮಾತ್ರ, ವಿಶ್ವಾಸಿಯಲ್ಲ. ಹರಿಹರೋತ್ತರ ಪರಂಪರೆಯ ಪಠ್ಯಗಳಲ್ಲಿ, ಭೀಮಕವಿಯ 1369ರ ‘ಬಸವಪುರಾಣ’ದಲ್ಲಿ ಈ ಕರೆಯನ್ನು ಹೇಗೆ ಹೇಳಿದೆ ಎಂದು ಪದ್ಯ ಸಮೇತ ತೋರಿಸಿ. ಯಾವ ಪಠ್ಯದ ಸಿರಿಯಾಳ ಎಂದು ಹೇಳದೆ ‘ನಮ್ಮ ಸಂಪ್ರದಾಯದಲ್ಲಿ’ ಎಂದು ಬರೆದರೆ, ಗುಪ್ತನಾಮ ಬಿಟ್ಟು ‘ಕಿರ್ಕೆಗಾರ್ಡ್ ಹೇಳುತ್ತಾನೆ’ ಎಂದ ತಪ್ಪನ್ನೇ ಈ ಕಡೆಯಿಂದ ಮಾಡಿದಂತೆ.

ಈ ದಾರಿಯಲ್ಲಿ ಹಿಂದೆ ನಡೆದವರೂ ಇದ್ದಾರೆ. ಡೇವಿಡ್ ಶುಲ್ಮನ್ 1993ರಲ್ಲಿ ‘ಹಸಿದ ದೇವರು’ ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ತಮಿಳಿನ ಸಿರುತ್ತೊಂಡರ್ ಕಥೆಯನ್ನು ಇಸಾಕನ ಬಲಿಯ ಎದುರು ಇಟ್ಟು ಚರ್ಚಿಸಿದ್ದಾರೆ. ಅದನ್ನು ಓದದೆ ಬರೆದರೆ ನಿಮ್ಮದು ಹೊಸದೇ ಎಂದು ನಿಮಗೇ ತಿಳಿಯುವುದಿಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)

ಡೇನಿಷ್ ಪ್ರಶ್ನೆಗೆ ಉತ್ತರ: ಓದುಬಳಗಕ್ಕೆ ಪೂರ್ತಿ ಭಾಷೆ ಬೇಡ, ಆದರೆ ಮೂವತ್ತು ನಲವತ್ತು ಪದ ಬೇಕೇ ಬೇಕು. ಅನುವಾದಗಳು ಬೇರೆಯಾಗುವ ಜಾಗದಲ್ಲೆಲ್ಲ ಮೂಲಪದ ತೆಗೆದು ನೋಡಬೇಕು. ನಿಮ್ಮ ಅಧ್ಯಾಯದ ಹೆಸರಿನ ಗೊಂದಲವೇ ಉದಾಹರಣೆ. ಅಬ್ರಹಾಮನ ಪಯಣವನ್ನು ನಾಲ್ಕು ರೀತಿ ಹೇಳುವ ಆ ಭಾಗದ ಹೆಸರು ಡೇನಿಷ್‌ನಲ್ಲಿ ‘ಸ್ಟೆಮ್ನಿಂಗ್’. ಲೋರಿ ಅದನ್ನು ಪ್ರೆಲ್ಯೂಡ್ ಎಂದ, ಹಾಂಗ್ ಎಕ್ಸಾರ್ಡಿಯಂ ಎಂದರು, ಹ್ಯಾನೇ ಅಟ್ಯೂನ್‌ಮೆಂಟ್ ಎಂದ. ಮೂಲದಲ್ಲಿ ಮನಸ್ಸಿನ ಭಾವ ಮತ್ತು ವಾದ್ಯ ಕೂಡಿಸುವುದು ಎರಡೂ ಇದೆ. ಕನ್ನಡದಲ್ಲಿ ‘ಶ್ರುತಿ ಕೂಡಿಸುವುದು’ ಎಂದರೆ ಹತ್ತಿರ ಬಂದೆವು. ಮುನ್ನುಡಿ, ಪೀಠಿಕೆ ಎಂದರೆ ಸಂಗೀತ ಹೋಯಿತು.

ಹುಡುಕುವ ಕ್ರಮ: ಜಾಲತಾಣದಲ್ಲಿ ಪದವನ್ನು ಅವನ ಕಾಲದ ಕಾಗುಣಿತದಲ್ಲೇ ಹಾಕಬೇಕು. ಇಂದಿನ ‘ಆಂಗ್‌ಸ್ಟ್’ ಹಾಕಿದರೆ ಬೇಕಾದ್ದು ಬರುವುದಿಲ್ಲ, ಅವನದು ‘ಆಂಗೆಸ್ಟ್’. 1948ರ ಕಾಗುಣಿತ ಸುಧಾರಣೆಗೆ ಮುಂಚೆ ನಾಮಪದಗಳ ಮೊದಲಕ್ಷರ ದೊಡ್ಡದು, ಇಂದು ತಲೆಯ ಮೇಲೆ ಸೊನ್ನೆಯಿರುವ ಒಂದೇ ‘ಎ’ ಇರುವಲ್ಲಿ ಆಗ ಎರಡು ‘ಎ’. ಇಂದಿನ ನಿಘಂಟು ತೆರೆದರೆ ಅರ್ಧ ಪದ ಸಿಗದಿರುವುದಕ್ಕೆ ಇದೇ ಕಾರಣ. ಅದರ ಬದಲು 1700ರಿಂದ 1950ರವರೆಗಿನ ಭಾಷೆಯ 28 ಸಂಪುಟದ ದೊಡ್ಡ ಡೇನಿಷ್ ನಿಘಂಟು ಜಾಲದಲ್ಲಿ ಉಚಿತವಾಗಿದೆ, ಅದನ್ನು ಬಳಸಿ. ಇಂಗ್ಲಿಷ್ ಅರ್ಥಕ್ಕೆ ಫೆರಾಲ್ ಮತ್ತು ರೆಪ್ ಅವರ 1845ರ ನಿಘಂಟು, ಅವನ ಕಾಲದ್ದೇ.

ಕನ್ನಡ ಪದಗಳ ಬಗ್ಗೆ. ‘ಆಂಗೆಸ್ಟ್’ಗೆ ಭಯ ಎನ್ನಬೇಡಿ. ಭಯಕ್ಕೆ ಒಂದು ವಸ್ತು ಇರುತ್ತದೆ, ಇದಕ್ಕೆ ಇಲ್ಲ ಎಂದೇ ವಿಗಿಲಿಯಸನ ವಾದ. ದಿಗಿಲು ಥಟ್ಟನೆ ಬಂದುಹೋಗುವಂಥದ್ದು. ಕಳವಳ ಸರಿಹೊಂದುತ್ತದೆ. ‘ಟ್ರೋ’ ಎಂಬ ಒಂದೇ ಪದ ಇಂಗ್ಲಿಷಿನಲ್ಲಿ ಎರಡಾಗುತ್ತದೆ. ಕನ್ನಡದಲ್ಲಿ ನಂಬಿಕೆ ಅಥವಾ ವಿಶ್ವಾಸ, ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಇಡಿ. ‘ಗೆಂಟಾಗೆಲ್ಸೆ’ಯನ್ನು ಪುನರಾವರ್ತನೆ ಎನ್ನುತ್ತೇವೆ, ಆದರೆ ಬಿಡಿಸಿದರೆ ಅದು ‘ಮತ್ತೆ ತೆಗೆದುಕೊಳ್ಳುವುದು’. ಅಬ್ರಹಾಮ ಇಸಾಕನನ್ನು ಮತ್ತೆ ಪಡೆದದ್ದು ಆ ಪದದೊಳಗೇ ಇದೆ. ‘ಡೆನ್ ಎಂಕೆಲ್ಟೆ’ಗೆ ವ್ಯಕ್ತಿ ಎಂದರೆ ಸಪ್ಪೆ, ಏಕಾಕಿ ಎಂದರೆ ದುಃಖಿ, ‘ಆ ಒಬ್ಬ’ ಎಂದು ನೋಡಿ. ‘ಓಯೆಬ್ಲಿಕ್’ ಎಂದರೆ ಕಣ್ಣು ಮಿಟುಕುವಷ್ಟು ಹೊತ್ತು, ಇಂಗ್ಲಿಷಿನವರಿಗೆ ಅದು ಬರೀ ಮೊಮೆಂಟ್. ನಮ್ಮಲ್ಲಿ ನಿಮೇಷ ಇದೆ, ಎವೆಯಿಕ್ಕುವ ಹೊತ್ತು ಇದೆ. ಇಲ್ಲಿ ಕನ್ನಡ ಓದುಗ ಮೂಲಕ್ಕೆ ಹೆಚ್ಚು ಹತ್ತಿರ.

ತುಂಬ ಕಷ್ಟದ್ದು ‘ಆನ್‌ಫೆಕ್ಟೆಲ್ಸೆ’. ಪಾಪದ ಕಡೆಗೆ ಸೆಳೆಯುವುದು ‘ಫ್ರಿಸ್ಟೆಲ್ಸೆ’, ಅದಕ್ಕೆ ಕನ್ನಡ ಬೈಬಲ್ಲಿನ ಶೋಧನೆ ಎಂಬ ಪದ ಸಾಕು. ದೇವರು ಒಡ್ಡುವ ‘ಪ್ರೋವೆಲ್ಸೆ’ಗೆ ಪರೀಕ್ಷೆ. ಆದರೆ ಆನ್‌ಫೆಕ್ಟೆಲ್ಸೆ ದೇವರಿಗೆ ಹತ್ತಿರ ಹೋದಷ್ಟೂ ಮೇಲಿನಿಂದ ಎದುರಾಗಿ ಹಿಂದಕ್ಕೆ ತಳ್ಳುವಂಥದ್ದು. ಲೋರಿ ಇದನ್ನು ಟೆಂಪ್ಟೇಶನ್ ಎಂದುಬಿಟ್ಟದ್ದರಿಂದ ಎಷ್ಟೋ ಓದುಗರಿಗೆ ವಾದವೇ ತಲೆಕೆಳಗಾಯಿತು. ‘ಆತ್ಮಸಂಕಟ’ ಎಂದು ಇಟ್ಟು, ಮೊದಲ ಸಲ ಬಂದಾಗ ಅಡಿಟಿಪ್ಪಣಿಯಲ್ಲಿ ಬಿಡಿಸಿ ಹೇಳಿ.

‘ನಂಬಿಕೆಯ ಜಿಗಿತ’ ಎಂಬ ಮಾತನ್ನು ಅವನದೆಂದು ಉದ್ಧರಿಸಬೇಡಿ. ಅವನ ಪ್ರಕಟಿತ ಕೃತಿಗಳನ್ನು 1970ರ ದಶಕದಲ್ಲೇ ಕಂಪ್ಯೂಟರಿಗೆ ಹಾಕಿ ನಾಲ್ಕು ಸಂಪುಟದ ಪದಸೂಚಿ ಮಾಡಿದ ಅಲಸ್ಟೇರ್ ಮೆಕಿನನ್, ಆ ಜೋಡಿಪದ ಅಲ್ಲಿ ಒಮ್ಮೆಯೂ ಇಲ್ಲವೆಂದು ತೋರಿಸಿದರು. ಜಿಗಿತ ಇದೆ, ನಂಬಿಕೆ ಇದೆ. ಎರಡನ್ನು ಕಟ್ಟಿದವರು ಓದುಗರು.

ಹೆಸರಿನ ಉಚ್ಚಾರ: ಡೇನಿಷ್ ಬಾಯಲ್ಲಿ ಕೊನೆಯ ‘ಡ’ ಕೇಳಿಸದು, ‘ಕಿಯರ್ಕೆಗೋರ್’ ಎಂಬಂತೆ. ಕನ್ನಡದಲ್ಲಿ ‘ಕಿರ್ಕೆಗಾರ್ಡ್’ ರೂಢಿಯಾಗಿದೆ, ಹಾಗೇ ಇರಲಿ.

ಕ್ಯಾತಸಂದ್ರ ಓದುಬಳಗ

ತುಂಬ ಉಪಕಾರವಾಯಿತು. ಒಂದೇ ಒಂದು ಉಳಿದದ್ದು. ‘ಶ್ರುತಿ ಕೂಡಿಸುವುದು’ ಭಾಗವನ್ನು ಕನ್ನಡಕ್ಕೆ ತಂದು ಲೇಖನದ ಜೊತೆ ಅಚ್ಚು ಹಾಕಿಸಿದರೆ ಹಕ್ಕಿನ ತೊಂದರೆ ಬರುತ್ತದೆಯೇ?

ಮೂಡಲಬಾಗಿಲು

ಯಾವುದರಿಂದ ತರುತ್ತೀರಿ ಎಂಬುದರ ಮೇಲಿದೆ. ಡೇನಿಷ್ ಮೂಲಕ್ಕೆ ಯಾರ ಅಪ್ಪಣೆಯೂ ಬೇಡ. ಹಾಂಗ್, ಹ್ಯಾನೇ ಅನುವಾದದಿಂದ ತಂದರೆ ಪ್ರಕಾಶಕರ ಲಿಖಿತ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಹಕ್ಕು ಇರುವುದು ಲೇಖಕ ತೀರಿಕೊಂಡ ಮೇಲೆ 60 ವರ್ಷ. ಲೋರಿ ತೀರಿಕೊಂಡದ್ದು 1959ರಲ್ಲಿ, ಹಾಗಾಗಿ 2020ರ ಜನವರಿಯಿಂದ ಅವನ ಅನುವಾದ ಭಾರತದಲ್ಲಿ ಮುಕ್ತ. ಎಸ್‌ಕೆಎಸ್‌ನ ಟಿಪ್ಪಣಿಗಳು ಮಾತ್ರ ಈಗಿನ ವಿದ್ವಾಂಸರ ಬರಹ, ಅವನ್ನು ಅನುವಾದಿಸಿ ಹಾಕಬೇಡಿ. ಓದಿ, ನಿಮ್ಮ ಮಾತಿನಲ್ಲಿ ಬರೆದು, ಸಂಪುಟ ಮತ್ತು ಪುಟ ಕೊಡಿ.

ಮಾಡುವ ಕ್ರಮ ಹೀಗಿರಲಿ: ಲೋರಿಯಿಂದ ಕರಡು, ವಾಕ್ಯ ವಾಕ್ಯಕ್ಕೂ ಡೇನಿಷ್ ಮೂಲದ ಜೊತೆ ತಾಳೆ, ಅನುಮಾನ ಬಂದಲ್ಲಿ ಹಾಂಗ್ ಏನು ಮಾಡಿದರೆಂದು ನೋಡುವುದು. ನಾಲ್ಕು ಪಯಣ, ಪ್ರತಿಯೊಂದರ ಕೆಳಗೆ ತಾಯಿ ಮಗುವಿಗೆ ಹಾಲು ಬಿಡಿಸುವ ನಾಲ್ಕಾರು ಸಾಲು. ಆ ಸಾಲುಗಳನ್ನು ಕನ್ನಡ ಎಂ.ಎ. ಮಾಡಿದ ಮೂವರು ಬೇರೆ ಬೇರೆಯಾಗಿ ಮಾಡಿ, ಭಾನುವಾರ ಗಟ್ಟಿಯಾಗಿ ಓದಿ ಆರಿಸಿ. ಮೊಲೆಗೆ ಕಪ್ಪು ಹಚ್ಚುವ ತಾಯಿ ಅಲ್ಲಿ ಬರುತ್ತಾಳೆ. ಆ ಸಾಲನ್ನು ಮಾತ್ರ ಸಂಸ್ಕೃತ ಪದ ಸೇರಿಸದೆ, ಮನೆಯಲ್ಲಿ ಅಜ್ಜಿಯರು ಹೇಳುವ ಹಾಗೇ ಹೇಳಿ.